ತಣ್ಣಗಾಗಬಾರದ ರಕ್ತ

ಬಲಗೈಯ ನಾಲ್ಕು ಬೆರಳು ಮುರಿದಿದ್ದವು. ಕಿರುಬೆರಳಿನಿಂದ ಶುರುವಾಗಿ ತೋರುಬೆರಳಿನ ತನಕ, ಒಂದಾದ ಮೇಲೊಂದನ್ನು ಹಿಂದಕ್ಕೆ ಮಡಚಿ ಮುರಿದದ್ದು. ಹೆಬ್ಬೆರಳೊಂದು ಮಾತ್ರ ಏನೂ ನಡೆದೇ ಇಲ್ಲವೆನ್ನುವ ಹಾಗೆ ನೆಟ್ಟಗಿತ್ತು.

“ಹೆಬ್ಬೆರಳು ಯಾಕೆ ಬಿಟ್ರು ಅಂತೀರಾ, ಶಾಮಣ್ಣ?”

ಹೆಡ್ ಕಾನ್‌ಸ್ಟೇಬಲ್ ಶಾಮಣ್ಣ ಮೂಗಿಗೆ ಕರ್ಚೀಫು ಒತ್ತಿಕೊಂಡು ಹೊಸ್ತಿಲಾಚೆಯೇ ನಿಂತಿದ್ದರು. “ಸುಸ್ತಾಗಿರ್ಬೇಕು ಮೇಡಂ. ಅವರೂ ಮನುಷ್ಯರೇ ಅಲ್ವಾ.”

ಪಿಎಸ್‌ಐ ಭಾಗ್ಯಜ್ಯೋತಿಗೆ ನಗು ಬರಲಿಲ್ಲ. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವ ಕೆಲಸದ ಮೌನೇಶ, ಬಿಟಿಎಂ ಲೇಔಟಿನ ಈ ಒಂಟಿ ಕೋಣೆಯಲ್ಲಿ ನಿನ್ನೆ ಮಧ್ಯಾಹ್ನ ಹೆಣವಾಗಿದ್ದ; ಗೊತ್ತಾದದ್ದು ಇವತ್ತು ಬೆಳಿಗ್ಗೆ. ಹದಿನಾಲ್ಕು ವಾರದ ಬಸುರಿ ಪ್ರಿಯಾಂಕಾ ನಿನ್ನೆ ಬೆಳಗಿನಿಂದ ಗಂಡನ ಮನೆಯಲ್ಲಿರಲಿಲ್ಲ. ಅವಳು ಕೊನೆಯ ಸಲ ಫೋನಿನಲ್ಲಿ ಮಾತಾಡಿದ್ದು ಇವನ ಜೊತೆಗೇ. ಸತ್ತವನಿಗೆ ಇನ್ನು ಯಾವ ಅವಸರವೂ ಇಲ್ಲ. ಆದರೆ ಪ್ರಿಯಾಂಕಾ ಮತ್ತು ಅವಳ ಹೊಟ್ಟೆಯ ಕೂಸು ಜೀವಂತ ಸಿಗಬೇಕಾದರೆ ಉಳಿದಿರುವುದು ಗಂಟೆಗಳ ಲೆಕ್ಕ.

ನೆತ್ತಿಯ ಮೇಲೆ ಒಂದೇ ಏಟು. ಮೂರು ಕಿಲೋದ ಡಂಬೆಲ್ ಮಂಚದ ಕಾಲಿನ ಹತ್ತಿರ ಉರುಳಿತ್ತು. ಅದಕ್ಕಂಟಿದ ಕೂದಲು ರಕ್ತದಲ್ಲಿ ಒಣಗಿ ಕಡ್ಡಿಯಾಗಿತ್ತು. ಎಡ ಮುಂಗೈಯಲ್ಲಿ ಚಾರ್ಜರ್ ವೈರು ಬಿಗಿದ ಕೆಂಪು ಗುರುತು. ಕಟ್ಟಿ, ಆಮೇಲೆ ಬಿಚ್ಚಿದ್ದಾರೆ. ಪಕ್ಕದ ಸೈಟಿನಲ್ಲಿ ಗ್ರಾನೈಟ್ ಕೊಯ್ಯುವ ಮಿಷನ್ನು ಈಗಲೂ ಕಿರುಚುತ್ತಿತ್ತು. ನಿನ್ನೆ ಅದರ ಸದ್ದಿನಲ್ಲಿ ಮೌನೇಶನ ಕೂಗು ಯಾರ ಕಿವಿಗೂ ಬಿದ್ದಿರಲಿಕ್ಕಿಲ್ಲ.

ಭಾಗ್ಯಜ್ಯೋತಿ ಮೊಣಕಾಲೂರಿ ಕುಳಿತಳು. ಹೆಚ್ಚು ಮಾತಿನವಳಲ್ಲ ಅವಳು. ಠಾಣೆಯಲ್ಲಿ ಎಲ್ಲರೂ ಕೂಗಾಡುವಾಗ ಮೂಲೆ ಹಿಡಿದು ನೋಡುತ್ತ ಕೂರುವುದೇ ಅವಳಿಗೆ ರೂಢಿ. ಈಗಲೂ ನೋಡಿದಳು.

“ವಾಚು ಬಲಗೈಲಿದೆ.”

“ಫ್ಯಾಷನ್ನು ಮೇಡಂ.”

“ಎಡಚ ಇವನು. ಎಡಚನಿಗೆ ನೋವು ಕೊಡ್ಬೇಕು ಅಂದ್ರೆ ಎಡಗೈಗೇ ಕೈ ಹಾಕ್ತಾರೆ. ಇಲ್ಲಿ ಎಡಗೈ ಬೆರಳಿಗೆ ಒಂದು ಗೀರೂ ಇಲ್ಲ. ಜೋಪಾನ ಮಾಡಿದ್ದಾರೆ.”

“ಯಾಕೆ?”

“ಬೇಕಾಗಿತ್ತು. ಸೂಜಿ ಹಿಡಿಯೋಕೆ.”

ಶಾಮಣ್ಣ ಕರ್ಚೀಫು ಕೆಳಗಿಳಿಸಿದರು.

ಕಸದ ಬುಟ್ಟಿಯಲ್ಲಿ ಸೂಜಿಯ ಮುಚ್ಚಳ, ಒಂದು ಚುಕ್ಕಿ ರಕ್ತ ಅಂಟಿದ ಹತ್ತಿ, ಹರಿದ ಬಿಳಿ ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಎರಡು ಟ್ಯೂಬು ಕೂರುವ ಎರಡು ಗುಂಡಿಗಳು, ಎರಡೂ ಖಾಲಿ. ಟ್ಯೂಬಿಗೆ ಅಂಟಿಸಿ ಉಳಿದ ನಂಬರಿನ ಸ್ಟಿಕ್ಕರ್ ಹಾಳೆ ಅಲ್ಲೇ ಇತ್ತು. ಪ್ಲಾಸ್ಟಿಕ್ ಕುರ್ಚಿಯ ಕೆಳಗೆ ಹಸಿರು ಬಳೆಯ ಚೂರು.

ಇಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅವಳ ರಕ್ತ ತೆಗೆ ಎಂದು ಇವನ ಬೆರಳು ಮುರಿದರು. ಮೂರರ ತನಕ ತಡೆದುಕೊಂಡ. ನಾಲ್ಕನೆಯದಕ್ಕೆ ಒಪ್ಪಿದ.

“ಅಂದ್ರೆ ನಿನ್ನೆ ಮಧ್ಯಾಹ್ನ ಪ್ರಿಯಾಂಕಾ ಬದುಕಿದ್ಳು,” ಎಂದಳು ಭಾಗ್ಯಜ್ಯೋತಿ, ತನಗೇ ಹೇಳಿಕೊಳ್ಳುವಂತೆ.

ಮೌನೇಶನ ಫೋನಿನಿಂದ ತೆಗೆಸಿದ ಮೆಸೇಜುಗಳ ಪ್ರಿಂಟು ಶಾಮಣ್ಣನವರ ಫೈಲಿನಲ್ಲಿತ್ತು. ಹತ್ತು ದಿನದ ಹಿಂದೆ ಪ್ರಿಯಾಂಕಾಳ ಅತ್ತೆ ತಂಗೆವ್ವನಿಗೆ ಅವನು ಕಳಿಸಿದ್ದು ಒಂದೇ ಸಾಲು: ‘ಈ ಸಲ ಗಣಪತಿ ಬರ್ತಾನ. ಚಿಂತಿ ಮಾಡಬ್ಯಾಡ್ರಿ.’ ಬೇರೆ ಬೇರೆ ನಂಬರುಗಳಿಗೆ ಇಂಥವೇ ಇನ್ನೂ ಹದಿನೇಳು. ಕೆಲವಕ್ಕೆ ಗಣಪತಿ, ಕೆಲವಕ್ಕೆ ಗೌರಿ.

“ನಾನು ಹಬ್ಬದ ಶುಭಾಶಯ ಅಂದ್ಕೊಂಡೆ,” ಎಂದರು ಶಾಮಣ್ಣ.

“ಹಬ್ಬಕ್ಕೆ ಇನ್ನೂ ಐದು ತಿಂಗಳಿದೆ ಶಾಮಣ್ಣ.”

ಬಸುರಿಯ ಹೊಟ್ಟೆ ಮುಟ್ಟಬೇಕಾಗಿಲ್ಲ. ಹತ್ತು ವಾರ ದಾಟಿದ ಮೇಲೆ ಅವಳ ತೋಳಿನ ರಕ್ತದಲ್ಲೇ ಮಗುವಿನ ಗುರುತು ತೇಲುತ್ತಿರುತ್ತದೆ. ಹುಟ್ಟುವ ಕೂಸಿಗೆ ದೊಡ್ಡ ತೊಂದರೆ ಇದೆಯೇ ಎಂದು ತಿಳಿಯಲೆಂದು ಇರುವ ಪರೀಕ್ಷೆ ಅದು. ಗಂಡೋ ಹೆಣ್ಣೋ ಎನ್ನುವುದೂ ಅದರಲ್ಲಿ ಕಾಣುತ್ತದೆ, ಆದರೆ ಹೇಳುವುದು ಅಪರಾಧ. ಲ್ಯಾಬಿನೊಳಗಿನ ಯಾರೋ ಮೌನೇಶನಿಗೆ ಹೇಳುತ್ತಿದ್ದರು, ಮೌನೇಶ ಮನೆಗಳಿಗೆ ಹೇಳುತ್ತಿದ್ದ. ಆ ಹುತ್ತಕ್ಕೆ ಕೈ ಹಾಕುವುದು ಆಮೇಲೆ. ಈಗಿನ ಪ್ರಶ್ನೆ ಬೇರೆ. ಗಣಪತಿ ಬರುತ್ತಾನೆಂದು ಗೊತ್ತಿದ್ದವರು ಎರಡನೇ ಸಲ ರಕ್ತ ಯಾಕೆ ತೆಗೆಸಿದರು?

ನಂಬಿಕೆ ಹೋಗಿತ್ತು. ಮೌನೇಶ ಹೆಣ್ಣು ಕೂಸನ್ನು ಗಣಪತಿ ಎಂದು ಸುಳ್ಳು ಹೇಳಿದ್ದ.

ಅವಳು ಮೌನೇಶ ಕೆಲಸಕ್ಕಿದ್ದ ಜೆಪಿ ನಗರದ ಲ್ಯಾಬಿಗೆ ಫೋನು ಹಚ್ಚಿದಳು. ಅಲ್ಲಿನ ಡಾಕ್ಟರ್ ಮೈತ್ರೇಯಿ ಮೊದಲ ರಿಂಗಿಗೇ ಎತ್ತಿಕೊಂಡರು. ಇವಳು ಸ್ಟಿಕ್ಕರಿನ ನಂಬರು ಓದಿ ಹೇಳಿದಳು.

“ಆ ನಂಬರಿನ ಟ್ಯೂಬು ನಮ್ಗೆ ಬಂದಿಲ್ಲ ಮೇಡಂ. ಸ್ಕ್ಯಾನೇ ಆಗಿಲ್ಲ.”

“ಯಾರಾದ್ರೂ ತಂದು ಕೊಟ್ರೆ ತಗೋತೀರಾ?”

“ಇಲ್ಲ. ನಮ್ಮ ಹುಡುಗ್ರೇ ತರ್ಬೇಕು.”

“ತರೋ ತನಕ ಆ ರಕ್ತ ಕೆಡಲ್ವಾ?”

“ಐದಾರು ದಿನ ಏನೂ ಆಗಲ್ಲ. ಆ ಟ್ಯೂಬಲ್ಲಿ ಒಂದು ಔಷಧಿ ಇರುತ್ತೆ, ರಕ್ತದ ಕಣ ಒಡೀದೇ ಇರೋ ಹಾಗೆ. ಆದ್ರೆ ಹೊರಗಡೆನೇ ಇಡ್ಬೇಕು. ಫ್ರಿಜ್ಜು, ಐಸು ಮುಟ್ಟಿಸೋ ಹಾಗಿಲ್ಲ.”

“ಮುಟ್ಟಿಸಿದ್ರೆ?”

“ತಾಯಿಯ ಕಣಗಳು ಒಡೆದು ಹೋಗುತ್ತೆ. ಮಗುವಿಂದು ಇರೋದೇ ನೂರಕ್ಕೆ ಹತ್ತು ಪಾಲು ಮೇಡಂ. ತಾಯಿದೆಲ್ಲಾ ಒಟ್ಟಿಗೆ ನುಗ್ಗಿದ್ರೆ ಅದು ಕಾಣ್ಸೋದೇ ಇಲ್ಲ. ಬೇರೆ ರಕ್ತ ಎಲ್ಲಾ ಐಸಲ್ಲಿಟ್ಟು ತರ್ತಾರಲ್ಲ, ಹೊಸ ಹುಡುಗ್ರು ಇದನ್ನೂ ಅದ್ರಲ್ಲೇ ತುರುಕ್ತಾರೆ. ಒಂದ್ಸಲ ಹಾಗೆ ಮಾಡಿದವನ ಕಾಲರ್ ಹಿಡ್ಕೊಂಡು ಮೌನೇಶ ರಂಪ ಮಾಡಿದ್ದ.” ಡಾಕ್ಟರ ದನಿ ಸಣ್ಣಗಾಯಿತು. “ಅವನು ತರೋ ಸ್ಯಾಂಪಲ್ ಒಂದೂ ಕೆಟ್ಟಿಲ್ಲ ಮೇಡಂ. ಒಂದೂ.”

ಸಾರಕ್ಕಿ ಸಿಗ್ನಲ್ಲಿನಲ್ಲಿ ಜೀಪು ನಿಂತಾಗ ಭಾಗ್ಯಜ್ಯೋತಿಗೆ ನಿನ್ನೆ ಸಂಜೆ ತಿಂದ ಮಂಡಕ್ಕಿ ಸುಸಲ ನೆನಪಾಯಿತು. ಪ್ರಿಯಾಂಕಾಳ ತಾಯಿ ಊರಿನಿಂದ ಫೋನು ಮಾಡಿ ಅತ್ತದ್ದಕ್ಕೆ ನಿನ್ನೆ ಆರು ಗಂಟೆಗೆ ಅವಳು ಚಿಕ್ಕಲಸಂದ್ರದ ಆ ಮನೆಗೆ ಹೋಗಿದ್ದಳು. ಹುಡುಕಲೆಂದೇ ಹೋಗಿದ್ದು. ತಂಗೆವ್ವ ಬಾಗಿಲು ತೆಗೆದು “ಯಾವೂರವ್ವ ನೀ?” ಅಂದಳು. ಶಹಾಪುರ ಎಂದಿದ್ದೇ ತಡ, “ಅಯ್ಯ, ನಮ್ಮ ಮನಿ ಮಗಳಽ ಬಂದಂಗಾತು” ಎಂದು ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದಳು. ಒಗ್ಗರಣೆ ಹಾಕಿದ ಸುಸಲ, ಮೇಲೆ ಪುಟಾಣಿ ಪುಡಿ, ಹಸಿಮೆಣಸಿನಕಾಯಿ. ಮೂರು ವರ್ಷದಿಂದ ಈ ಊರಿನಲ್ಲಿ ತಮ್ಮ ಕಡೆಯ ಮಾತಿಗೆ ಬಾಯಾರಿದ್ದ ಭಾಗ್ಯಜ್ಯೋತಿ ಬೂಟು ಬಿಚ್ಚಿ ಕೂತು, ತಟ್ಟೆ ಖಾಲಿ ಮಾಡಿ, ಒಳಕೋಣೆಯ ಕಡೆ ಕಣ್ಣೂ ಹಾಯಿಸದೆ ಎದ್ದು ಬಂದಿದ್ದಳು. ಅನ್ನ ಹಾಕಿದವರ ಮನೆ ಜಾಲಾಡುವುದು ಹೇಗೆ ಎಂಬ ಸಂಕೋಚ.

ಮೂರು ಗಂಟೆಗೆ ಮೌನೇಶ ಸತ್ತಿದ್ದ. ಆರು ಗಂಟೆಗೆ ಅವಳು ಸುಸಲ ತಿನ್ನುತ್ತಿದ್ದಳು.

“ಈ ಸಲ ಬೂಟು ಬಿಚ್ಚಲ್ಲ,” ಎಂದಳು.

“ಏನ್ ಮೇಡಂ?”

“ಏನಿಲ್ಲ. ಬೇಗ ನಡೀರಿ.”

ತಂಗೆವ್ವನ ಕಣ್ಣು ಅತ್ತು ಊದಿದ್ದವು, ಅಥವಾ ಊದುವಂತೆ ಉಜ್ಜಿಕೊಂಡಿದ್ದಳು. “ಬಾ ಯವ್ವಾ. ನಮ್ಮ ಸೊಸಿ ಸುದ್ದಿ ಏನರೆ ಸಿಕ್ತೇನು?”

ಹಾಲಿನಲ್ಲಿ ಪ್ರಿಯಾಂಕಾಳ ಗಂಡ ಬಸವಂತ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಆಳೆತ್ತರದ, ಕಬಡ್ಡಿ ಆಡಿದ ಮೈ. ಮಾತು ಮಾತ್ರ ಬ್ಯಾಂಕಿನ ಕೌಂಟರಿನಷ್ಟು ಮೆತ್ತಗೆ. “ಎರಡು ನಿಮಿಷ ಮೇಡಂ, ಕಾಲ್‌ನಲ್ಲಿದೀನಿ.”

“ಮಾತಾಡ್ರಿ. ದೊಡ್ಡವ್ವ, ಒಂದೀಟು ತಣ್ಣನ ನೀರು ಕೊಡ್ರಿ.”

“ಫ್ರಿಜ್ಜಿನ ನೀರು ಬ್ಯಾಡವ್ವ, ಗಂಟಲಾ ಹಿಡೀತದ. ಗಡಿಗಿ ನೀರು ತರ್ತೀನಿ, ಕೂಡು.”

ಭಾಗ್ಯಜ್ಯೋತಿ ಕೂಡಲಿಲ್ಲ. ಬೂಟಿನ ಕಾಲಲ್ಲೇ ಅಡುಗೆಮನೆಗೆ ನಡೆದಳು. ಹಾಲಿನಲ್ಲಿ ಬಸವಂತನ ಮಾತು ನಿಂತಿತು.

“ಮೇಡಂ, ವಾರಂಟ್ ಇದೆಯಾ?”

“ನೀರು ಕುಡಿಯೋಕೂ ವಾರಂಟ್ ಬೇಕಾ ಬಸವಂತ್?”

ಫ್ರಿಜ್ಜಿನಲ್ಲಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ, ಮೊಸರು. ಮೇಲೆ ಐಸಿನ ಖಾನೆಯಲ್ಲಿ ಒಂದು ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದಳು. ಐಸಿನ ತುಂಡುಗಳ ನಡುವೆ, ಕೂಸನ್ನು ಮಲಗಿಸಿದಷ್ಟು ಜತನದಿಂದ ಮಲಗಿಸಿದ್ದ ಎರಡು ಉದ್ದನೆಯ ಟ್ಯೂಬುಗಳು. ಕೋಣೆಯಲ್ಲಿ ಸಿಕ್ಕ ಸ್ಟಿಕ್ಕರಿನದೇ ನಂಬರು.

“ಇದೇನು ದೊಡ್ಡವ್ವ?”

“ನಂದು. ಸಕ್ಕರಿ ಟೆಸ್ಟಿಂದು.”

“ಹೌದಾ? ಪಾಪ, ಕೆಟ್ಟು ಹೋಗೇದ ನೋಡ್ರಿ. ಐಸಿನಾಗ ಯಾಕ ಇಟ್ರಿ?”

“ಯಾಕ ಕೆಡ್ತದ?” ತಂಗೆವ್ವನಿಗೆ ತನ್ನ ಮನೆವಾರ್ತೆಯ ಮೇಲೆ ಬಂದ ದೂರಿನಂತೆ ಸಿಟ್ಟು ಬಂತು. “ಐಸಿನಾಗ ಇಡಲಿಲ್ಲಂದ್ರೇ ಕೆಡ್ತದ, ಕೂಡಲೇ ಇಡ್ರಿ ಅಂತ ಅವನೇ ಹೇಳ್ಯಾನ—”

“ಅವ ಅಂದ್ರ ಯಾರು, ದೊಡ್ಡವ್ವ?”

ತಂಗೆವ್ವ ಲೋಟವನ್ನು ಗಡಿಗೆಯ ಮೇಲೇ ವಾಪಸ್ಸಿಟ್ಟಳು. ಆದರೆ ಭಾಗ್ಯಜ್ಯೋತಿ ಅವಳನ್ನು ನೋಡುತ್ತಿರಲಿಲ್ಲ. ನಾಲ್ಕು ಬೆರಳು ಮುರಿಸಿಕೊಂಡ ಮೇಲೆ ಎಡಗೈಯಲ್ಲಿ ಸೂಜಿ ಹಿಡಿದು, ಹಲ್ಲು ಕಚ್ಚಿಕೊಂಡು, ಕೊಂದವರಿಗೇ ಕಾಳಜಿಯಿಂದ ಸಲಹೆ ಕೊಡುತ್ತಿದ್ದ ಒಬ್ಬನನ್ನು ನೋಡುತ್ತಿದ್ದಳು. ಒಪ್ಪಿಕೊಂಡಿರಲಿಲ್ಲ ಅವನು. ರಕ್ತ ಕೊಟ್ಟು, ರಕ್ತದೊಳಗಿನ ಕೂಸನ್ನು ಕಾಣದ ಹಾಗೆ ಮಾಡಿ ಕಳಿಸಿದ್ದ.

ಆ ಒಂದು ಗಳಿಗೆಯ ಮೈಮರೆವಿಗೆ ಬೆಲೆ ತೆರಬೇಕಾಯಿತು.

ಹಿಂದೆ ಶಾಮಣ್ಣ “ಏಯ್!” ಎಂದದ್ದು ಕೇಳಿತು, ಅದರ ಬೆನ್ನಿಗೇ ಕುಕ್ಕರ್ ತಲೆಗೆ ಬಡಿದ ಸದ್ದು. ತಿರುಗುವಷ್ಟರಲ್ಲಿ ಬಸವಂತನ ಕೈ ಅವಳ ತುರುಬು ಹಿಡಿದಿತ್ತು. ಮುಖವನ್ನು ಫ್ರಿಜ್ಜಿನ ಬಾಗಿಲಿಗೆ ಅಪ್ಪಳಿಸಿದ. ಮೂಗಿನೊಳಗೆ ಏನೋ ಲಟ್ಟೆಂದಿತು. ಮತ್ತೊಮ್ಮೆ ಅಪ್ಪಳಿಸಿದ. ಬಾಯಿ ತುಂಬ ಉಪ್ಪು.

“ಹೆಣ್ಣು ಅಂತ ಎರಡು ಸಲ ಬಸಿರು ತೆಗೆಸಿದ್ವಿ,” ಎಂದ ಅವಳ ಕಿವಿಯಲ್ಲಿ, ಈಗಲೂ ಮೆತ್ತಗೆ. “ಎರಡೂ ಸಲ ಸುಮ್ನಿದ್ಳು. ಈ ಸಲ ಮಾತ್ರ ಹೆಣ್ಣೇ ಹಡೀತೀನಿ, ಏನ್ ಮಾಡ್ಕೋತೀರಿ ಮಾಡ್ಕೊಳ್ರಿ ಅಂದ್ಳು. ನನ್ನ ಹೆಂಡ್ತಿ ಮೇಡಂ ಅವ್ಳು. ನಡುವೆ ಅವನ್ಯಾರು? ನೀವ್ಯಾರು?”

ಎಡಗೈಯಿಂದ ಅವಳ ಕುತ್ತಿಗೆ ಹಿಸುಕುತ್ತ, ಬಲಗೈಯನ್ನು ಐಸಿನ ಡಬ್ಬಿಗೆ ಚಾಚಿದ. ಟ್ಯೂಬು ಬೇಕಾಗಿತ್ತು ಅವನಿಗೆ. ಕಣ್ಣು ಕಪ್ಪಾಗುತ್ತಿದ್ದ ಭಾಗ್ಯಜ್ಯೋತಿಗೆ ಕಂಡದ್ದು ಫ್ರಿಜ್ಜಿನೊಳಗಿದ್ದ ಆ ಕೈ ಒಂದೇ. ಗೋಡೆಗೆ ಕಾಲು ಕೊಟ್ಟು, ಇಡೀ ಮೈಭಾರವನ್ನು ಬಾಗಿಲಿನ ಮೇಲೆ ಹಾಕಿದಳು.

ಬಸವಂತ ಕಿರುಚಿದ. ಕುತ್ತಿಗೆಯ ಹಿಡಿತ ಸಡಿಲವಾಯಿತು. ಅಲ್ಲಿಗೆ ಸಾಕಾಗಿತ್ತು. ಆದರೂ ಅವಳು ಬಾಗಿಲು ತೆರೆದು ಇನ್ನೊಮ್ಮೆ ಹಾಕಿದಳು. ಆ ಎರಡನೆಯ ಏಟಿನ ಬಗ್ಗೆ ಯಾರೂ ಕೇಳುವುದಿಲ್ಲ.

ಅವನು ಕುಸಿದಾಗ ಮೊಣಕಾಲಿನಿಂದ ಬೆನ್ನು ಒತ್ತಿ, ಎರಡೂ ಕೈ ಹಿಂದಕ್ಕೆಳೆದು ಬೇಡಿ ಹಾಕಿದಳು. ತಂಗೆವ್ವ ಈಳಿಗೆಮಣೆಯತ್ತ ಸರಿಯುತ್ತಿದ್ದಳು. ಹಣೆಯಿಂದ ರಕ್ತ ಸುರಿಸುತ್ತ ಎದ್ದು ಬಂದ ಶಾಮಣ್ಣ ಅದನ್ನು ಕಾಲಿನಿಂದ ಆಚೆ ತಳ್ಳಿದರು.

“ಕೂತ್ಕೊಳ್ಳಮ್ಮ ತಾಯಿ. ನಿಮ್ಮ ಮನೆ ಆತಿಥ್ಯ ಸಾಕಾಯ್ತು.”

“ಬಾಯಿ ಬಿಡ್ರಿ,” ಎಂದಳು ಭಾಗ್ಯಜ್ಯೋತಿ, ತುಟಿ ಒರೆಸಿಕೊಳ್ಳುತ್ತ. “ಪ್ರಿಯಾಂಕಾ ಎಲ್ಲಿ?”

ತಂಗೆವ್ವ ಮಗನ ಕೈ ನೋಡಿದಳು, ಅಳಲಿಲ್ಲ. “ಆಕಿ ಓಡಿ ಹೋಗಿ ಅವನ ಮನಿ ಸೇರಿದ್ಳು, ಬೆನ್ನ ಹತ್ತಿ ಹೋಗಿ ಬೆರಳು ಮುರದೀವಿ. ಹೌದು. ಆಕಿ ಕುತ್ತಿಗಿಗೆ ನಾನು ಚಾಕು ಹಿಡದಿದ್ದೆ, ಅದೂ ಹೌದು. ಕೊಂದದ್ದು ನಾವಲ್ಲ.”

“ಡಂಬೆಲ್ ತಾನೇ ಎದ್ದು ಬಡೀತೇನು?”

“ನಾವಲ್ಲ ಅಂದ್ನೆಲ್ಲ.” ಮುದುಕಿಯ ತುಟಿಯ ತುದಿಯಲ್ಲಿ ಏನೋ ಹರಿದಾಡಿತು. ಅದು ಭಯವಲ್ಲ. “ಹೋಗು. ಆಕೀನ್ನೇ ಕೇಳು.”

ಅಡುಗೆಮನೆಯ ಹಿಂದೆ ಸಾಮಾನು ಕೋಣೆ. ಹೊರಗಿನಿಂದ ಬೀಗ. ಕೀಲಿ ಕೇಳುವ ತಾಳ್ಮೆ ಇರಲಿಲ್ಲ. ಕುಟ್ಟುವ ಕಲ್ಲಿನಿಂದ ಮೂರೇಟು ಹಾಕಿದಳು, ಚಿಲಕ ಮರದ ಸಮೇತ ಕಿತ್ತು ಬಂತು.

ಜೋಳದ ಚೀಲಗಳ ನಡುವೆ ಪ್ರಿಯಾಂಕಾ ಗೋಡೆಗಾನಿ ಕೂತಿದ್ದಳು. ಬಾಯಿಗೆ ಪ್ಯಾಕಿಂಗ್ ಟೇಪು, ಕೈಗೆ ಅವಳದೇ ವೇಲಿನ ಗಂಟು. ಕತ್ತಿನ ಮೇಲೆ ಚಾಕು ತಾಗಿದ ಸಣ್ಣ ಗೆರೆ. ಕಟ್ಟಿದ ಕೈಗಳೆರಡನ್ನೂ ಹೊಟ್ಟೆಯ ಮೇಲೆ ಮಡಚಿ ಇಟ್ಟುಕೊಂಡಿದ್ದಳು. ಉಸಿರಾಡುತ್ತಿದ್ದಳು.

ಭಾಗ್ಯಜ್ಯೋತಿಯೂ ನೆಲದ ಮೇಲೆ ಕೂತು ಟೇಪು ಬಿಡಿಸಿದಳು. “ಆತು ತಂಗಿ. ಮುಗೀತು. ಇನ್ನ ಯಾರೂ ಮುಟ್ಟಂಗಿಲ್ಲ. ರಕ್ತ ಗಿಕ್ತ ಏನರೆ ಹೋಗೇದೇನು?”

ಇಲ್ಲವೆಂದು ತಲೆಯಾಡಿಸಿದಳು ಪ್ರಿಯಾಂಕಾ. “ಹೊಟ್ಟಿ ನೋವಿಲ್ಲ. ನಿನ್ನೆ ನಿಮ್ಮ ದನಿ ಕೇಳಿಸ್ತಿತ್ತು ಅಕ್ಕಾ. ಸುಸಲ ಚಲೋ ಆಗೇದ ಅಂದ್ರಿ.”

ಭಾಗ್ಯಜ್ಯೋತಿ ವೇಲಿನ ಗಂಟಿನ ಮೇಲೆ ಬಗ್ಗಿದಳು. ತಲೆಯೆತ್ತದೆ ಅದನ್ನು ಬಿಚ್ಚಿದಳು.

ಶಾಮಣ್ಣ ಬಾಗಿಲಲ್ಲಿ ನಿಂತು, ಹಣೆಗೆ ಟವೆಲು ಒತ್ತಿಕೊಂಡೇ ಪುಸ್ತಕ ತೆಗೆದು ಗಂಟೆ ಬರೆದುಕೊಂಡರು. “ಆಂಬ್ಯುಲೆನ್ಸ್ ಬರ್ತಿದೆ ಮೇಡಂ. ಹುಡುಗಿ ಹೇಳಿಕೆ ಒಂದ್ ಎರಡು ಸಾಲು ತಗೊಂಡ್ಬಿಡ್ಲಾ? ಆಸ್ಪತ್ರೆಗೆ ಹೋದ್ರೆ ವಕೀಲರು ಸುತ್ತಾಕ್ಕೋತಾರೆ.”

“ತಗೊಳ್ರಿ.”

“ಮೌನೇಶಣ್ಣ ಸತ್ನೇನ್ರಿ?” ಎಂದಳು ಪ್ರಿಯಾಂಕಾ.

“ಸತ್ತ.”

ಅವಳು ಕಣ್ಣು ಮುಚ್ಚಿದಳು. ಅಳು ಬರಬಹುದೆಂದು ಭಾಗ್ಯಜ್ಯೋತಿ ಕಾದಳು. ಬಂದದ್ದು ಬಹಳ ಹೊತ್ತು ಹಿಡಿದಿಟ್ಟುಕೊಂಡಿದ್ದ ಉಸಿರು.

“ಖರೇನಾ?”

“ಖರೇ. ನೋಡು ತಂಗಿ, ಹೊಡದದ್ದು ನಿನ್ನ ಗಂಡನೋ, ಅತ್ತಿಯೋ? ನೀ ಕಣ್ಣಾರೆ ನೋಡಿದ್ದು ಹೇಳಿದ್ರ ಸಾಕು. ಇಬ್ರೂ ಹೊರಗ ಬರೋದು ನಿನ್ನ ಕೂಸಿಗೆ ಮದುವಿ ಆದ ಮ್ಯಾಲೇ.”

“ನಾನು ಅಕ್ಕಾ.”

ಶಾಮಣ್ಣನವರ ಪೆನ್ನು ‘ನಾ’ ಅಕ್ಷರದ ಮೇಲೆ ನಿಂತಿತು.

“ಆಣಿ ಮಾಡಿ ಹೇಳಿದ್ದ, ಏನ ಆದ್ರೂ ನಿನ್ನ ಬಿಟ್ಟುಕೊಡಂಗಿಲ್ಲ ತಂಗಿ ಅಂತ. ಬೆರಳು ಮುರದಾಗ ನಾ ಒದರಾಡಿದೆ, ಕೊಡು ಅಣ್ಣಾ, ಕೊಟ್ಟುಬಿಡು ಅಂತ ನಾನೇ ಅಂದೆ. ಆದ್ರ ಖರೇನೇ ಸೂಜಿ ಹಿಡಕೊಂಡು ಬಂದಾಗ…” ಪ್ರಿಯಾಂಕಾ ತನ್ನ ತೋಳನ್ನು ನೋಡಿಕೊಂಡಳು, ಸೂಜಿಯ ಗುರುತು ಇನ್ನೂ ಕಪ್ಪಗಿತ್ತು. “ಎರಡು ಟ್ಯೂಬು ತುಂಬಿ ಅವರ ಕೈಯಾಗ ಕೊಟ್ಟ. ಹೆಂಗ ಇಡಬೇಕು, ಎಲ್ಲಿ ಇಡಬೇಕು ಅಂತ ಅವರಿಗೇ ಚಂದಗೆ ತಿಳಿಸಿ ಹೇಳ್ದ. ನಾ ಸಾಯ್ಲಿ ಅಂತ ಕೂತಂಗ. ಆಮ್ಯಾಲ ಬಗ್ಗಿ ಹತ್ತಿ ಒತ್ತಲಾಕತ್ತಿದ್ದ. ಅವರಿಬ್ರೂ ಟ್ಯೂಬು ನೋಡಲಾಕತ್ತಿದ್ರು. ಡಂಬೆಲ್ ನನ್ನ ಕುರ್ಚಿ ಬಾಜೂಕೇ ಇತ್ತು.”

“ಪ್ರಿಯಾಂಕಾ, ಸಾಕು.”

“ಅವನೇ ಇಲ್ಲಂದ್ರ ಆ ರಕ್ತ ಲ್ಯಾಬಿಗೆ ಮುಟ್ಟಂಗಿಲ್ಲಲ್ರಿ. ಬ್ಯಾರೆ ಯಾರು ಒಯ್ದ್ರೂ ತಗೊಳಂಗಿಲ್ಲ ಅಂತ ಅವನೇ ಒಮ್ಮೆ ಹೇಳಿದ್ದ. ಅದಕ್ಕ ಹೊಡದೆ. ಒಂದೇ ಏಟು.”

ಅಡುಗೆಮನೆಯಿಂದ ತಂಗೆವ್ವನ ದನಿ ಬಂತು, ಸಮಾಧಾನವಾಗಿ, ಪಕ್ಕದ ಮನೆಯವರಿಗೆ ಉಪ್ಪು ಕೊಡುವವಳಂತೆ. “ಕೇಳಿದೇನವ್ವ ಶಹಾಪುರದಾಕಿ? ನಾ ಸಾಕ್ಷಿ ಹೇಳ್ತೀನಿ. ಕರೀ ಯಾವ ಕೋರ್ಟಿಗೆ ಕರೀತಿ.”

ದೂರದಲ್ಲಿ, ಉತ್ತರಹಳ್ಳಿ ರಸ್ತೆಯ ಕಡೆಯಿಂದ ಆಂಬ್ಯುಲೆನ್ಸಿನ ಸದ್ದು ಹತ್ತಿರವಾಗುತ್ತಿತ್ತು.

“ಮೇಡಂ,” ಎಂದರು ಶಾಮಣ್ಣ. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಯಾವತ್ತೂ ಕೇಳದ ಪ್ರಶ್ನೆ ಅವರ ಬಾಯಿಂದ ಬಂತು. “ಬರೀಲಾ, ಬೇಡ್ವಾ?”

ಪ್ರಿಯಾಂಕಾ ಅವರ ಕಡೆ ನೋಡಲೂ ಇಲ್ಲ. ಎರಡೂ ಕೈಗಳಿಂದ ಭಾಗ್ಯಜ್ಯೋತಿಯ ಕೈ ಹಿಡಿದುಕೊಂಡು, ಉತ್ತರ ಗೊತ್ತಿದ್ದೂ ಬಾಯಿಂದ ಕೇಳಲಿಕ್ಕಷ್ಟೇ ಬಯಸುವವಳ ಹಾಗೆ ಕೇಳಿದಳು:

“ನೀವಽ ಹೇಳ್ರಿ ಅಕ್ಕಾ. ಅವ ನನ್ನ ಮಾರಿಕೊಂಡಿದ್ದ ಹೌದಿಲ್ರಿ?”